ಬ್ಯಾಟರಿ ಅಣ್ಣಾರು ಒಪ್ಪಿಕೊಂಡ ತಪ್ಪು

ಹೋದ ಭಾನುವಾರ ದಾವಣಗೆರೆಯ ಶಾಮನೂರಿನ ನಮ್ಮ ಮನೆ ಮುಂದೆ ನೀವಿಬ್ಬರೂ ನನ್ನನ್ನು ನೋಡಿ ನಕ್ಕಿರಿ. ನನಗೇನೂ ಬೇಜಾರಿಲ್ಲ. ಅಜ್ಜಿಯೊಬ್ಬಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಂಪು ವೈರು ಇನ್ನೊಂದು ಕೈಯಲ್ಲಿ ಕಪ್ಪು ವೈರು ಹಿಡಿದಿದ್ದರೆ ಯಾರಿಗಾದರೂ ನಗು ಬರುತ್ತದೆ. ಬೈಕು ಸ್ಟಾರ್ಟ್ ಆಗಲಿಲ್ಲವೆಂದು ಮೊಮ್ಮಗ ಆಗಲೇ ಫೋನು ತೆಗೆದು ಹೊಸ ಬ್ಯಾಟರಿಗೆ ಹೇಳಲು ಹೊರಟಿದ್ದ. ನಾನು ತಡಿ ಎಂದು ಒಳಗಿನಿಂದ ಹಳದಿ ಬಣ್ಣದ ಹಳೆಯ ಮೀಟರ್ ತಂದೆ. ಬ್ಯಾಟರಿ ಚೆನ್ನಾಗಿಯೇ ಇತ್ತು. ಅದರ ತುದಿಗೆ ಬಿಳಿ ಪುಡಿ ಕಟ್ಟಿ ವೈರು ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ವೈರು ಬಿಚ್ಚಿ, ಬಿಸಿನೀರು, ಸೋಡಾಪುಡಿ, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಉಜ್ಜಿ ಒರೆಸಿ ಬಿಗಿ ಮಾಡಿದ ಮೇಲೆ ಬೈಕು ಎದ್ದಿತು. ಆಗ ಮೊಮ್ಮಗಳು ಕೇಳಿದಳು, "ಅಜ್ಜಿ, ಇದನ್ನ ನಿಂಗೆ ಯಾರು ಹೇಳಿಕೊಟ್ರು?"

ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಹೋದರೆ ಈ ವಯಸ್ಸಿನಲ್ಲೂ ಗಂಟಲು ಕಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೇಳಿಕೊಟ್ಟವರು ಹರಿಹರದ ನಮ್ಮ ಹಳೇ ಬೀದಿಯವರು. ಬ್ಯಾಟರಿ ಅಂಗಡಿ ಇಟ್ಟಿದ್ದರು. ಇಡೀ ಬೀದಿ ಅವರನ್ನು ಬ್ಯಾಟರಿ ಅಣ್ಣಾರು ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಸರನ್ನು ನಾನು ಯಾವತ್ತೂ ಬಾಯಲ್ಲಿ ಹೇಳಿದವಳಲ್ಲ, ಈಗ ಕಾಗದದ ಮೇಲೆ ಬರೆಯುವುದು ಸರಿ ಅನ್ನಿಸುವುದಿಲ್ಲ. ಹೋದ ತಿಂಗಳು ಅವರು ಲಿಂಗೈಕ್ಯರಾದರು. ಅವರ ಶಿವಗಣಾರಾಧನೆಗೆ ನಾನು ಹರಿಹರಕ್ಕೆ ಹೋಗಿ ಬಂದದ್ದು ನಿಮಗೆ ಗೊತ್ತು. ಅಲ್ಲಿ ನಾನೇನು ಮಾಡಿದೆ ಅನ್ನುವುದು ಗೊತ್ತಿಲ್ಲ.

ಬೀದಿಯ ಮೂಲೆಯಲ್ಲಿ ಅವರದು ತಗಡಿನ ಮಾಡಿನ ಅಂಗಡಿ. ಒಳಗೆ ಆಸಿಡ್ ವಾಸನೆ, ಹೊರಗೆ ಮಿರ್ಚಿ ಕರಿಯುವ ವಾಸನೆ. ಮಿರ್ಚಿಯ ಬಾಣಲೆ ಅವರ ಹೆಂಡತಿಯದು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅಕ್ಕ ಅಂಗಡಿ ಮುಂದೆಯೇ ಒಲೆ ಇಟ್ಟುಕೊಂಡು ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಮಾರುತ್ತಿದ್ದರು. ಅಣ್ಣಾರು ಎತ್ತರದ ಆಳು, ಹಣೆ ತುಂಬ ವಿಭೂತಿ, ಎರಡೂ ತುದಿ ಮೇಲಕ್ಕೆ ತಿರುವಿದ ದಪ್ಪ ಮೀಸೆ. ಆಸಿಡ್ ಹಾರಿ ಹಾರಿ ಪ್ಯಾಂಟಿನ ತುಂಬ ತೂತು. ಅಕ್ಕ ಅದನ್ನು ಒಗೆದು ಹರವುವಾಗ, "ಜರಡಿ ಒಣಗಿ ಹಾಕೀನಿ, ಹಿಟ್ಟು ಸೋಸೋರು ತಗಂಡು ಹೋಗ್ರಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಬ್ಯಾಟರಿ ಹೋಗಿದೆ, ಹೊಸದು ಹಾಕಿ ಎಂದು ಯಾರಾದರೂ ಅವಸರದಲ್ಲಿ ಬಂದರೆ ಅಣ್ಣಾರು ಬೈಕು ಆಫ್ ಮಾಡಿಸಿ, "ಈಗ ತಾನೇ ಓಡಿ ಬಂದೈತೆ, ಉಸಿರು ಬಿಡ್ಲಿ. ಕೂಡ್ರಿ" ಎನ್ನುತ್ತಿದ್ದರು. ಓಡಿ ಬಂದ ಕೂಡಲೇ ಬ್ಯಾಟರಿಯನ್ನು ಅಳೆದರೆ ಅದು ಜಂಬ ತೋರಿಸುತ್ತದೆ, ಇಲ್ಲದ್ದನ್ನು ಇದೆ ಎನ್ನುತ್ತದೆ, ಒಂದಿಷ್ಟು ಹೊತ್ತು ತಣ್ಣಗೆ ಕೂತ ಮೇಲೆಯೇ ಅದರ ನಿಜವಾದ ಲೆಕ್ಕ ಸಿಗುವುದು ಎಂದು ಅವರ ಮಾತು. ಬ್ಯಾಟರಿ ಉಸಿರು ಬಿಡುವವರೆಗೆ ಬಂದವರು ಏನು ಮಾಡಬೇಕು? ಅಕ್ಕನ ಮಂಡಕ್ಕಿ ತಿನ್ನುತ್ತಿದ್ದರು. ಎದುರುಗಡೆ ಇನ್ನೊಬ್ಬರು ಗಾಜಿನ ಬಾಗಿಲಿನ ಬ್ಯಾಟರಿ ಅಂಗಡಿ ಹಾಕಿದ್ದರು. ಅವರು ಅಲ್ಲಿಂದಲೇ ಕೂಗುತ್ತಿದ್ದರು:

"ಬ್ಯಾಟರಿ ಉಸಿರು ಬಿಡೋದಲ್ರಪ್ಪೋ, ಅಕ್ಕಾರ ಬುಟ್ಟಿ ಖಾಲಿ ಆಗೋದು ಕಾಯ್ತಾರೆ!"

"ನಿನ್ನಂಗಡಿಯಾಗೆ ತಿನ್ನಾಕೆ ಏನೈತೋ? ಗಾಜು ನೆಕ್ಕಬೇಕು!" ಎಂದು ಅಣ್ಣಾರು ತಿರುಗಿ ಕೂಗುತ್ತಿದ್ದರು. ಸಂಜೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುವುದನ್ನು ನಾನೇ ನೋಡಿದ್ದೇನೆ.

ಅಣ್ಣಾರಲ್ಲಿ ಒಂದು ಗುಣವಿತ್ತು, ಅದನ್ನು ಮುಚ್ಚಿಡುವುದಿಲ್ಲ. ತಪ್ಪು ಮಾಡಿದೆ ಎಂದು ಅವರ ಬಾಯಿಂದ ಬರುತ್ತಿರಲಿಲ್ಲ. ಒಮ್ಮೆ ಅಕ್ಕನಿಗೆ ಜ್ವರ ಬಂದಾಗ ಇವರು ಚಹಾ ಮಾಡಿ ಸಕ್ಕರೆ ಬದಲು ಉಪ್ಪು ಹಾಕಿದರಂತೆ. ಕುಡಿದವರೆಲ್ಲ ಉಗುಳಿದರು. "ಬಿಸಿಲು ಜೋರೈತೆ, ಮೈಗೆ ಉಪ್ಪು ಬೇಕಾಗುತ್ತೆ ಅಂತ ಹಾಕೀನಿ" ಎಂದು ಇವರೊಬ್ಬರೇ ಆ ಲೋಟವನ್ನು ಪೂರ್ತಿ ಕುಡಿದರು. ಬಸ್ಸು ತಪ್ಪಿದರೆ ಬಸ್ಸಿನವನದು ತಪ್ಪು. ಮದುವೆಗೆ ಒಂದು ದಿನ ಮೊದಲೇ ಹೋಗಿ ಬಂದರೆ, "ಜನ ಕಮ್ಮಿ ಇದ್ರು, ಆರಾಮಾಗಿ ಮಾತಾಡಿಸಿಕೊಂಡು ಬಂದೆ" ಎನ್ನುವವರು. "ಈ ಜನ್ಮದಾಗೆ ಇವರ ಬಾಯಿಂದ ತಪ್ಪಾತು ಅನ್ನೋ ಮಾತು ಕೇಳಿಬಿಟ್ರೆ ನಾನು ಬೀದಿಗೆಲ್ಲ ಮಿರ್ಚಿ ಹಂಚ್ತೀನಿ" ಎಂದು ಅಕ್ಕ ಹೇಳುತ್ತಿದ್ದರು.

ನಿಮ್ಮ ತಾತ ತೀರಿಕೊಂಡಾಗ ನಿಮ್ಮವ್ವನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾನು, ನಿಮ್ಮವ್ವ, ನನ್ನ ಅತ್ತೆ. ಅತ್ತೆ ಎಂದರೆ ನಿಮ್ಮ ತಾತನ ತಾಯಿ. ಅವರಿಗೆ ಕಣ್ಣಿಗೆ ಪೊರೆ ಬಂದು ಮುಖ ಗೊತ್ತಾಗುತ್ತಿರಲಿಲ್ಲ, ಬೆಳಕು ಬಣ್ಣ ಮಾತ್ರ ಗೊತ್ತಾಗುತ್ತಿತ್ತು. ಆಪರೇಷನ್ ಮಾಡಿಸೋಣ ಎಂದರೆ ಒಪ್ಪುತ್ತಿರಲಿಲ್ಲ. ಬೀದಿಬಾಗಿಲು ದಾಟಿದರೆ ಪಡಸಾಲೆ, ಅಲ್ಲೇ ಒಂದು ಕಡೆ ನಿಮ್ಮ ತಾತನ ಬೈಕು, ಇನ್ನೊಂದು ಕಡೆ ಅತ್ತೆ ಕೂತುಕೊಳ್ಳುವ ಜಾಗ.

ನಿಮ್ಮವ್ವನಿಗೆ ಹಾಲಿನ ಡೇರಿಯಲ್ಲಿ ಕೆಲಸ ಸಿಕ್ಕಿತು. ಕುಕ್ಕುವಾಡದ ಕಡೆಯ ಹಳ್ಳಿಗಳಿಗೆ ಹೋಗಿ, ಬೆಳಗ್ಗೆ ಹಾಲು ಹಾಕಿಸಿಕೊಳ್ಳುವಾಗ ನಿಂತು ಹಾಲಿನ ಗುಣ ನೋಡುವ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ. ಹಾಲು ಯಾರಿಗೂ ಕಾಯುವುದಿಲ್ಲ, ಬೆಳಕು ಹರಿಯುವ ಮುಂಚೆ ಹೊರಡಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಅಪ್ಪನ ಬೈಕು ಕಲಿತಳು. ಹೆಣ್ಣುಮಗಳು ಬೈಕು ಓಡಿಸುವುದನ್ನು ನೋಡಲು ಮೊದಮೊದಲು ಬೀದಿಯವರು ಬಾಗಿಲಿಗೆ ಬರುತ್ತಿದ್ದರು, ಆಮೇಲೆ ಅವರಿಗೇ ಬೇಸರವಾಗಿ ಬಿಟ್ಟರು.

ಆದರೆ ಬೈಕು ಕೈಕೊಡತೊಡಗಿತು. ಬ್ಯಾಟರಿ ಇಳಿದರೆ ಆ ಬೈಕು ಕಿಕ್ ಹೊಡೆದರೂ ಏಳುತ್ತಿರಲಿಲ್ಲ. ಒಂದು ಬೆಳಗ್ಗೆ ಮನೆಯಲ್ಲೇ ನಿಂತಿತು. ಇನ್ನೊಂದು ಬೆಳಗ್ಗೆ ಹೇಗೋ ಎದ್ದು ಹೋಗಿ, ದಾರಿಯಲ್ಲಿ ಎಲ್ಲೋ ಆಫ್ ಮಾಡಿದ ಮೇಲೆ ಮತ್ತೆ ಏಳಲಿಲ್ಲ. ಹೊಲಕ್ಕೆ ಹೊರಟವರು ಯಾರೋ ತಳ್ಳಿಕೊಟ್ಟರಂತೆ. ಡೇರಿಯ ಸಾಹೇಬರು ಎಲ್ಲರ ಮುಂದೆ ಬೈದರು. ಬಾತಿಯಲ್ಲಿ ಅಂಗಡಿ ಇಟ್ಟಿದ್ದ ನನ್ನ ಮೈದುನ, ನೀವು ಚಿಕ್ಕತಾತ ಎನ್ನುತ್ತೀರಲ್ಲ, ಅವರಿಗೆ ವಿಷಯ ಗೊತ್ತಾಗಿ ಓಡಿ ಬಂದರು.

"ಅತ್ತಿಗೆ, ಕತ್ಲಾಗೆ ಒಂಟಿ ಹುಡುಗಿ ರಸ್ತೆ ಮೇಲೆ ನಿಂತ್ರೆ ಹೆಂಗೆ? ನಂಗೆ ನಿದ್ದೆ ಬರಂಗಿಲ್ಲ. ಇನ್ನೊಂದ್ಸಲ ಈ ಗಾಡಿ ನಿಂತ್ರೆ ಬಾತಿಗೆ ತಗಂಡು ಹೋಗ್ತೀನಿ. ಡೇರಿ ಕೆಲಸ ಬ್ಯಾಡೇ ಬ್ಯಾಡ, ನಮ್ಮಂಗಡಿಯಾಗೆ ಕೂತು ಲೆಕ್ಕ ಬರೀಲಿ" ಎಂದರು.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ಆ ರಾತ್ರಿ ನಿಮ್ಮವ್ವ ಊಟ ಮಾಡಲಿಲ್ಲ. ಆ ಕೆಲಸ ಅವಳಿಗೆ ಪ್ರಾಣವಾಗಿತ್ತು. ಮನೆಗೂ ಅದೇ ಆಧಾರ.

ಬೆಳಗಾದ ಮೇಲೆ ಇಬ್ಬರೂ ಬೈಕನ್ನು ತಳ್ಳಿಕೊಂಡು ಅಣ್ಣಾರ ಅಂಗಡಿಗೆ ಹೋದೆವು. ನಾನು ಸೆರಗು ತಲೆ ಮೇಲೆ ಹೊದ್ದು ಕಂಬದ ಹಿಂದೆ ನಿಂತೆ. ಅಣ್ಣಾರು ಎಲ್ಲ ನೋಡಿದರು. ನಿಮ್ಮವ್ವ ಹಾಲಿಗೆ ಬಿಡುವಂಥದ್ದೇ ಒಂದು ತೇಲುವ ಗಾಜಿನ ಕಡ್ಡಿ ಅವರ ಹತ್ತಿರವೂ ಇತ್ತು, ಬ್ಯಾಟರಿಯೊಳಗಿನ ಆಸಿಡ್ ನೋಡಲು. ಅದನ್ನು ಕಂಡ ಕೂಡಲೇ ನಿಮ್ಮವ್ವ, "ಅಣ್ಣಾರೆ, ನೀರು ಹಾಕ್ಯಾರಾ ನೋಡ್ತೀರೇನ್ರಿ?" ಎಂದಳು. ಅಣ್ಣಾರು ಮೀಸೆ ಅಲ್ಲಾಡಿಸಿ ನಕ್ಕರು. ಅವತ್ತಿನಿಂದ ಅವಳು ಅವರಿಗೆ ಮಗಳಂತೆ.

ಬೈಕಿನ ರೆಗ್ಯುಲೇಟರ್ ಹೋಗಿದೆ ಎಂದರು. ಎಂಜಿನ್ನಿನಿಂದ ಬರುವ ಕರೆಂಟನ್ನು ಹೆಚ್ಚುಕಡಿಮೆಯಾಗದಂತೆ ಬ್ಯಾಟರಿಗೆ ಕೊಡುವ ಡಬ್ಬಿ ಅದು. ಬದಲಿ ಮಾಡಿದರು. "ಇನ್ನು ನಿಂತ್ರೆ ನನ್ನ ಕೇಳು" ಎಂದರು. ಹತ್ತು ದಿನ ಕಳೆಯುವುದರೊಳಗೆ ಬೈಕು ಮತ್ತೆ ನಿಂತಿತು. ಪುಣ್ಯಕ್ಕೆ ರಜೆಯ ದಿನ, ಮನೆಯಲ್ಲೇ. ಅಣ್ಣಾರನ್ನು ಕೇಳಿದರೆ, "ಆ ಡಬ್ಬಿ ಹೆಂಗಿದ್ರೂ ಮುಂದಿನ ವರ್ಷ ಹೋಗೋದೇ. ಈಗ್ಲೇ ಬದಲಿ ಮಾಡಿದ್ದು ಒಳ್ಳೇದಾತು" ಎಂದರು. ತಪ್ಪು ಅವರದಲ್ಲ!

ಬೈಕನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ನಿಮ್ಮವ್ವ ಅಲ್ಲಿಂದಲೇ ಹೋಗಿ ಅಲ್ಲಿಗೇ ತಂದು ಬಿಡುತ್ತಿದ್ದಳು. ಒಂದು ದಿನವೂ ನಿಲ್ಲಲಿಲ್ಲ. ಮನೆಗೆ ತಂದರೆ ಮತ್ತೆ ಇಳಿಯತೊಡಗಿತು. ಅಣ್ಣಾರು ಮೀಸೆ ತಿರುವುತ್ತ ಯೋಚಿಸಿದರು. ಆಮೇಲೆ ಈ ಹಳದಿ ಮೀಟರನ್ನು ನನ್ನ ಮುಂದೆ ಹಿಡಿದರು.

"ತಂಗೆಮ್ಮಾ, ಹುಡುಗಿ ಕೆಲಸಕ್ಕೆ ಹೋಗುತ್ತೆ, ದಿನಾ ನೋಡಾಕೆ ಅದಕ್ಕೆ ಪುರಸೊತ್ತಿಲ್ಲ. ನೀವು ನೋಡ್ರಿ. ಮೂರೇ ಮಾತು ಕೇಳೋದು ಅದನ್ನ. ಸುಮ್ನೆ ಕೂತಾಗ ಎಷ್ಟು, ಎಬ್ಬಿಸುವಾಗ ಎಷ್ಟು, ಓಡುವಾಗ ಎಷ್ಟು."

ಕೆಂಪು ಕಡ್ಡಿ ಕೂಡಿಸುವ ಗುರುತಿನ ಕಡೆಗೆ, ಕಪ್ಪು ಕಡ್ಡಿ ಕಳೆಯುವ ಗುರುತಿನ ಕಡೆಗೆ. ಉಸಿರು ಬಿಟ್ಟು ಕೂತ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಬೇಕು, ಅದರ ಮೇಲೆ ಸ್ವಲ್ಪ ಇದ್ದರೆ ಇನ್ನೂ ಒಳ್ಳೆಯದು. ಬಟನ್ ಒತ್ತಿ ಎಬ್ಬಿಸುವಾಗ ಕುಸಿಯುತ್ತದೆ, ಆದರೆ ಹತ್ತರ ಕೆಳಗೆ ಬೀಳಬಾರದು. ಬಿದ್ದರೆ ಬ್ಯಾಟರಿಯ ಶಕ್ತಿ ಮುಗಿದಿದೆ. ಎಂಜಿನ್ ಓಡುವಾಗ ಆಕ್ಸಿಲರೇಟರ್ ಸ್ವಲ್ಪ ತಿರುವಿದರೆ ಹದಿನಾಲ್ಕರ ಹತ್ತಿರ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. ಹದಿನೈದು ದಾಟಿದರೆ ಅತಿಯಾಗಿ ಕುಡಿಸುತ್ತಿದೆ, ಬ್ಯಾಟರಿ ಕಾದು ಕೆಡುತ್ತದೆ. ಇಷ್ಟೇ ವಿದ್ಯೆ. ಹಿಟ್ಟಿನ ಹದ, ಹಾಲಿನ ಹದ ನೋಡಿದವಳಿಗೆ ಇದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಂಗಡಿಗೆ ಹೋಗಿ ಅದನ್ನು ಅವರಿಗೆ ಹೇಳುವುದು. ನಾನು ಕಂಬದ ಹಿಂದೆ ನಿಂತು ಹೇಳಿದರೆ ಅವರು ಕಿವಿಗೆ ಕೈ ಹಿಡಿದು, "ಜೋರಾಗಿ ಹೇಳ್ರಿ ತಂಗೆಮ್ಮಾ! ನಿಮಗಿಂತ ಸತ್ತ ಬ್ಯಾಟರಿನೇ ಜೋರಾಗಿ ಮಾತಾಡುತ್ತೆ!" ಎನ್ನುತ್ತಿದ್ದರು. ಅಕ್ಕ ಒಲೆಯ ಹತ್ತಿರದಿಂದ, "ಅವಳನ್ನ ಕಾಡಬ್ಯಾಡ್ರಿ, ನಾನು ಇಸ್ಕಂಡು ಬರ್ತೀನಿ" ಎಂದು ಬಂದು, ನನ್ನ ಬಾಯಿಯಿಂದ ಅಂಕಿಯನ್ನು ಕಿವಿಯಲ್ಲಿ ಇಸಿದುಕೊಂಡು ಹೋಗಿ ಕೂಗಿ ಹೇಳುತ್ತಿದ್ದರು.

ಮೀಟರ್ ಒಂದು ವಿಷಯ ಹೇಳಿತು. ಮಧ್ಯಾಹ್ನ ನಿಮ್ಮವ್ವ ಬಂದು ಬೈಕು ತಣ್ಣಗಾದ ಮೇಲೆ ನೋಡಿದರೆ ಹನ್ನೆರಡೂವರೆ ಇರುತ್ತಿತ್ತು. ಬೆಳಗಿನ ಜಾವ ನೋಡಿದರೆ ಹನ್ನೆರಡರ ಕೆಳಗೆ. ಕೀಲಿ ಆಫ್ ಇದ್ದಾಗ ಎಲ್ಲಾದರೂ ಕರೆಂಟು ಸೋರುತ್ತಿದೆಯೇ ಎಂದು ಅಣ್ಣಾರು ವೈರು ಬಿಚ್ಚಿ ನಡುವೆ ಮೀಟರ್ ಇಟ್ಟು ನೋಡಿದರು. ಏನೂ ಇಲ್ಲ.

"ಚಾರ್ಜಿಂಗ್ ಸರಿ ಐತೆ, ಬ್ಯಾಟರಿ ಸರಿ ಐತೆ, ಸೋರೋದೂ ಇಲ್ಲ. ಹಂಗಾದ್ರೆ ನಿಮ್ಮನ್ಯಾಗೆ ಯಾರೋ ಕುಡೀತಾರೆ ತಂಗೆಮ್ಮಾ" ಎಂದು ತಮಾಷೆ ಮಾಡಿದರು. ಆಗ ಬೈಕಿನ ಕೀಲಿಯನ್ನು ಕೈಯಲ್ಲಿ ಹಿಡಿದಿದ್ದವರು ಅದನ್ನು ಕಣ್ಣಿನ ಹತ್ತಿರ ತಂದರು. ಕೀಲಿಯ ಗೀರುಗಳಲ್ಲಿ ಬೂದಿಯಂಥದ್ದು ಮೆತ್ತಿತ್ತು. ಉಗುರಿನಿಂದ ಕೆರೆದು ಮೂಸಿದರು. "ಸಂಜಿಗೆ ಮನೆ ಕಡೆ ಬರ್ತೀನಿ" ಎಂದರು.

ಬಂದು ಪಡಸಾಲೆಯ ಹೊರಗೆ ಕಟ್ಟೆಯ ಮೇಲೆ ಕೂತರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಿಮ್ಮವ್ವ ಬೆಳಗಿನ ಜಾವ ಏಳುವವಳು, ಆಗಲೇ ಕೋಣೆಯಲ್ಲಿ ಮಲಗಿದ್ದಳು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಪಡಸಾಲೆಯಲ್ಲಿ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದರು. ಅಣ್ಣಾರಿಗೆ ನೀರು ಬೇಕೇನೋ ಎಂದು ನಾನು ಹಿಟ್ಟಿನ ಕೈಯಲ್ಲೇ ಒಳಬಾಗಿಲಿಗೆ ಬಂದೆ.

ಅತ್ತೆ ಪೂಜೆ ಮುಗಿಸಿ ಎದ್ದರು. ವಿಭೂತಿಯ ಬೆರಳಿನಿಂದ ಗೋಡೆ ಸವರುತ್ತ ಹೋಗಿ ಮೊಳೆಗೆ ತೂಗುಹಾಕಿದ್ದ ಬೈಕಿನ ಕೀಲಿ ತೆಗೆದುಕೊಂಡರು. ಬೈಕಿನ ಹತ್ತಿರ ಹೋಗಿ ಕೀಲಿ ಹಾಕಿ ತಿರುವಿದರು. ಹ್ಯಾಂಡಲ್ ನಡುವೆ ನ್ಯೂಟ್ರಲ್ಲಿನ ಹಸಿರು ದೀಪ ಹತ್ತಿತು. ನಿಮ್ಮವ್ವ ಬೆಳಗ್ಗೆ ಕತ್ತಲಲ್ಲಿ ಹಾಕಿದ ಲೈಟಿನ ಸ್ವಿಚ್ಚು ಹಾಗೇ ಇದ್ದುದರಿಂದ ಹಿಂದಿನ ಕೆಂಪು ದೀಪವೂ ಹತ್ತಿ ಗೋಡೆ ಕೆಂಪಾಯಿತು. ಅತ್ತೆ ಆ ಹಸಿರಿಗೆ ಮುಖ ಮಾಡಿ ನಿಂತು ಹೇಳಿದರು:

"ಬಂದ್ಯೇನಪ್ಪಾ? ಕೈಕಾಲು ತೊಳಕಾ. ಮಂಡಕ್ಕಿ ತಂದಿಯೇನು?"

ನಿಮ್ಮ ತಾತ ದಿನಾ ಸಂಜೆ ದಾವಣಗೆರೆಯಿಂದ ಬಂದು ಬೈಕನ್ನು ಪಡಸಾಲೆಗೆ ಹತ್ತಿಸಿ, ಸ್ವಿಚ್ಚಿನಲ್ಲಿ ಎಂಜಿನ್ ಆಫ್ ಮಾಡಿ, ಕೀಲಿ ತಿರುವಿ ತೆಗೆಯುವುದನ್ನು ಮರೆತು, ಅವ್ವನ ಕೈಗೆ ಮಂಡಕ್ಕಿ ಪೊಟ್ಟಣ ಕೊಡುತ್ತಿದ್ದರು. ಅವರ ಮುಖ ಅತ್ತೆಗೆ ಕಾಣುತ್ತಿರಲಿಲ್ಲ. ಹಸಿರು ದೀಪ ಕಾಣುತ್ತಿತ್ತು. ಹಸಿರು ಕಂಡರೆ ಮಗ ಬಂದ ಎಂದು ಅರ್ಥ. ಊಟದ ಹೊತ್ತಿನವರೆಗೂ ಅತ್ತೆ ಆ ದೀಪದ ಎದುರು ನೆಮ್ಮದಿಯಾಗಿ ಕೂತಿದ್ದು, ನಾನು ತಟ್ಟೆ ಇಡುವ ಸದ್ದು ಕೇಳಿದಾಗ ಕೀಲಿ ತಿರುವಿ ಮತ್ತೆ ಮೊಳೆಗೆ ಹಾಕುತ್ತಿದ್ದರು. ದಿನವೂ. ನಮಗೆ ಗೊತ್ತೇ ಇರಲಿಲ್ಲ.

ನಾನು ಹೊರಗೆ ನೋಡಿದೆ. ಕಟ್ಟೆಯ ಮೇಲೆ ಅಣ್ಣಾರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ನನ್ನ ಕಡೆ ನೋಡಿ, ಏನೂ ಹೇಳಬೇಡ ಎಂಬಂತೆ ಕೈ ಆಡಿಸಿ ಎದ್ದು ಹೋದರು.

ಮಾರನೆಯ ಬೆಳಗ್ಗೆ ಬೈಕು ಏಳಲಿಲ್ಲ. ನಿಮ್ಮವ್ವ ಯಾರದೋ ಸ್ಕೂಟರ್ ಕೇಳಿ ಇಸಿದುಕೊಂಡು ಕೆಲಸಕ್ಕೆ ಹೋದಳು. ಸುದ್ದಿ ಬಾತಿಗೆ ಹೇಗೆ ಮುಟ್ಟಿತೋ, ಮೈದುನ ಸಾಮಾನಿನ ಆಟೊ ತಂದು ಬಾಗಿಲಲ್ಲಿ ನಿಲ್ಲಿಸಿಬಿಟ್ಟರು. ಜೊತೆಗೆ ಬಂದ ಇಬ್ಬರು ಬೈಕನ್ನು ಪಡಸಾಲೆಯಿಂದ ಇಳಿಸಿ ಆಟೊಗೆ ಏರಿಸಿದರು. ಏನು ಹೇಳಲಿ? ಅತ್ತೆಯಿಂದಲೇ ಹೀಗಾಗಿದ್ದು ಎನ್ನಲೇ? ಮೈದುನನ ಸಿಟ್ಟು ನನಗೆ ಗೊತ್ತು. ಅತ್ತೆ ಪಡಸಾಲೆಯಲ್ಲೇ ಕೂತು, "ಗಾಡಿ ಎಲ್ಲಿಗೆ ಒಯ್ತೀರೋ? ಯಾಕ ಒಯ್ತೀರೋ?" ಎಂದು ಕೇಳುತ್ತಿದ್ದರು. ಅವರ ಎದುರಿಗೆ ಅದನ್ನು ಹೇಗೆ ಹೇಳುವುದು?

ಅಷ್ಟರಲ್ಲಿ ಅಣ್ಣಾರು ಅಂಗಡಿಯಿಂದ ದಾಪುಗಾಲು ಹಾಕುತ್ತ ಬಂದರು. ಹಿಂದೆಯೇ ಅಕ್ಕ, ಕೈಯಲ್ಲಿ ಜಾಲರಿ ಸೌಟು. ಎದುರು ಅಂಗಡಿಯವರೂ ತಮಾಷೆ ನೋಡಲು ಬಂದರು.

"ನಿಲ್ಸ್ರಿ ಸಾವ್ಕಾರ್ರೆ, ಗಾಡಿ ಇಳಸ್ರಿ. ತಪ್ಪು ನಂದು" ಎಂದರು ಅಣ್ಣಾರು.

ಅಕ್ಕನ ಸೌಟು ಅಲ್ಲೇ ನಿಂತಿತು.

"ರೆಗ್ಯುಲೇಟರ್ ಬದಲಿ ಮಾಡಿದಾಗ ಒಂದು ವೈರು ಬಿಗಿ ಮಾಡೋದು ಮರ್ತೀನಿ. ಅದಕ್ಕೇ ಬ್ಯಾಟರಿ ಇಳೀತಿತ್ತು. ಗಾಡೀದೇನೂ ತಪ್ಪಿಲ್ಲ, ಹುಡುಗೀದೂ ಇಲ್ಲ."

"ಎಷ್ಟು ವರ್ಷದಿಂದ ಈ ಕೆಲಸ ಮಾಡ್ತೀರಿ ನೀವು?" ಎಂದು ಮೈದುನ ರೇಗಿದರು. "ಒಂದು ವೈರು ಬಿಗಿ ಮಾಡಾಕೆ ಬರಲ್ಲ ಅಂದ್ರೆ? ಹುಡುಗಿ ರಸ್ತೆ ಮೇಲೆ ನಿಂತಿದ್ರೆ ಯಾರ್ರೀ ಹೊಣೆ?"

"ನಾನೇ ಹೊಣೆ. ಬೈಯ್ರಿ, ಬೈಸ್ಕಂತೀನಿ. ಇನ್ನು ಮ್ಯಾಲೆ ಈ ಗಾಡಿ ಬ್ಯಾಟರಿಯಿಂದ ಒಂದ್ಸಲ ನಿಂತ್ರೂ ಇಲ್ಲೇ, ಈ ಕಟ್ಟೆ ಮೇಲೆ ಕೂತು ಮೀಸೆ ಬೋಳಿಸ್ಕಂತೀನಿ."

ಬೀದಿಯೆಲ್ಲ ಹೋ ಎಂದಿತು. ಆ ಮೀಸೆಯ ಮೇಲೆ ಅಣ್ಣಾರಿಗೆ ಎಷ್ಟು ಪ್ರೀತಿ ಎಂದು ಎಲ್ಲರಿಗೂ ಗೊತ್ತು. ಮೈದುನನೂ ನಕ್ಕುಬಿಟ್ಟರು. ಆಟೊ ಖಾಲಿ ಹೋಯಿತು. ಆವತ್ತು ಸಂಜೆ ಅಕ್ಕ ಕೊಟ್ಟ ಮಾತಿನಂತೆ ಬೀದಿಗೆಲ್ಲ ಮಿರ್ಚಿ ಹಂಚಿದರು.

ಮಧ್ಯಾಹ್ನವೇ ಅಣ್ಣಾರು ಒಂದು ಚೀಲ ಹಿಡಿದು ಮನೆಗೆ ಬಂದಿದ್ದರು. ಚೀಲದಲ್ಲಿ ಗುಜರಿಯಿಂದ ತಂದ ಅಂಥದ್ದೇ ಬೈಕಿನ, ವೇಗ ತೋರಿಸುವ ಮೀಟರ್ ಡಬ್ಬಿ, ಹಸಿರು ದೀಪ, ಕೀಲಿ ಹಾಕುವ ಜಾಗ ಸಮೇತ. ಅತ್ತೆ ಕೂತುಕೊಳ್ಳುವ ಜಾಗದ ಪಕ್ಕ ಗೋಡೆಗೆ ಅದನ್ನು ಕೂರಿಸಿದರು. ಕೆಳಗೆ ಒಂದು ಹಳೇ ಬ್ಯಾಟರಿ. ಬೈಕು ಓಡಿಸುವ ಶಕ್ತಿ ಅದಕ್ಕಿರಲಿಲ್ಲ, ಒಂದು ಸಣ್ಣ ದೀಪ ಉರಿಸುವಷ್ಟು ಇತ್ತು.

"ಅವ್ವಾರೆ, ಗಾಡಿ ಇನ್ನು ಹಿತ್ತಲ ಕಡೆ ನಿಲ್ಲುತ್ತೆ, ನಿಮಗೆ ದೂರ ಆಗುತ್ತೆ. ಹಸಿರು ದೀಪ ನಿಮ್ಮ ಕೈಗೆ ಹತ್ರ ಮಾಡೀನಿ" ಎಂದರು.

ಅತ್ತೆ ಕೈ ಚಾಚಿ ಆ ಡಬ್ಬಿಯನ್ನು ಸವರಿ ನೋಡಿದರು. ಆಮೇಲೆ, "ಕೀಲಿ ಐತೇನಪ್ಪಾ?" ಎಂದರು.

"ಐತೆ ಅವ್ವಾರೆ."

ಹೋಗುವಾಗ ಅಣ್ಣಾರು ಬಾಗಿಲಲ್ಲಿ ನಿಂತು ನನಗೊಬ್ಬಳಿಗೇ ಕೇಳುವಂತೆ ಹೇಳಿದರು, "ಅವ್ವಾರು ಇರೋ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನಿಮಗೆ ಅದೇನು ಕಷ್ಟ ಅಲ್ಲ ಬಿಡ್ರಿ!"

ನಿಮ್ಮವ್ವನಿಗೂ ನಾನು ಹೇಳಲಿಲ್ಲ. ಅವಳು ಊಹಿಸಿದ್ದಳೋ ಏನೋ, ಕೇಳಲಿಲ್ಲ. ಆ ಬೈಕು ಮತ್ತೆ ಬ್ಯಾಟರಿಯಿಂದ ನಿಲ್ಲಲಿಲ್ಲ. ಕೆಲಸ ಕಾಯಂ ಆಯಿತು. ಆ ಹಳ್ಳಿಗಳಲ್ಲೇ ಒಂದರಲ್ಲಿ ಹಾಲು ಹಾಕಲು ಬರುತ್ತಿದ್ದ ನಿಮ್ಮಪ್ಪನ ಪರಿಚಯವಾಯಿತು. ಅದನ್ನು ಅವರಿಬ್ಬರೇ ನಿಮಗೆ ಹೇಳಲಿ.

ಅಣ್ಣಾರು ಪ್ರತಿ ಸೋಮವಾರ ಬಂದು ಗೋಡೆಯ ಕೆಳಗಿನ ಬ್ಯಾಟರಿಯನ್ನು ಒಯ್ದು, ಚಾರ್ಜ್ ಮಾಡಿ ತಂದು ಇಡುತ್ತಿದ್ದರು. ದೊಡ್ಡ ಲಾರಿಯ ಬ್ಯಾಟರಿಯನ್ನು ನೋಡುವಷ್ಟೇ ಗಂಭೀರವಾಗಿ ಅದಕ್ಕೂ ಮೀಟರ್ ಹಿಡಿಯುತ್ತಿದ್ದರು. "ಹೆಂಗೈತಪ್ಪಾ?" ಎಂದು ಅತ್ತೆ ಕೇಳುವುದು, "ಗಟ್ಟಿ ಐತೆ ಅವ್ವಾರೆ" ಎಂದು ಇವರು ಹೇಳುವುದು. ಆದರೆ ಬೀದಿಯಲ್ಲಿ ಅವರ ಹೆಸರಿಗೆ ಸ್ವಲ್ಪ ಕಪ್ಪು ಹತ್ತಿತು. ಅಣ್ಣಾರಿಗೆ ವಯಸ್ಸಾಯಿತು, ವೈರು ಮರೆಯುತ್ತಾರೆ ಎಂದು ಕೆಲವರು ಗಾಜಿನ ಬಾಗಿಲಿನ ಕಡೆಗೆ ಹೋದರು. ಎದುರು ಅಂಗಡಿಯವರು ದಿನಾ ಕೂಗುತ್ತಿದ್ದರು, "ಅಣ್ಣಾ, ವೈರು ಬಿಗಿ ಮಾಡಿದ್ಯಾ?" ಉಪ್ಪಿನ ಚಹಾಕ್ಕೂ ನೆಪ ಹೇಳಿದ್ದ ಅಣ್ಣಾರು ಇದಕ್ಕೆ ಯಾವ ನೆಪವನ್ನೂ ಹೇಳದೆ ಮೀಸೆ ತಿರುವಿಕೊಳ್ಳುತ್ತಿದ್ದರು. ಕಂಬದ ಹಿಂದೆ ನಿಂತ ನನಗೆ ಅದನ್ನು ಕೇಳಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಅತ್ತೆಯ ಕೊನೆಯ ದಿನಗಳಲ್ಲಿ ಒಂದು ಸಂಜೆ ಅವರಿಗೆ ಏಳಲು ಆಗುತ್ತಿರಲಿಲ್ಲ. ನಾನೇ ಕೀಲಿ ತಿರುವಿ ದೀಪ ಹಚ್ಚಿದೆ. ಅತ್ತೆ ಮಲಗಿದಲ್ಲೇ ನಕ್ಕರು.

"ಅದು ಗಾಡಿ ಅಲ್ಲ, ಗೋಡೆ ಅಂತ ನಂಗೆ ಗೊತ್ತಿಲ್ಲೇನೆ?" ಎಂದರು. "ಮಗ ಹೋಗ್ಯಾನೆ ಅನ್ನೋದೂ ಗೊತ್ತೈತೆ. ಗಾಡಿ ಯಾಕ ನಿಲ್ತಿತ್ತು ಅನ್ನೋದೂ ಅವತ್ತೇ ಗೊತ್ತಾತು, ಆ ಬ್ಯಾಟರಿಯವನು ಬೀದ್ಯಾಗೆ ನಿಂತು ಸುಳ್ಳು ಹೇಳುವಾಗ. ಪಾಪ, ಅಷ್ಟು ಬೈಸ್ಕಂಡು, ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಾನೆ. ನಾನು ಹಚ್ಚಲಿಲ್ಲ ಅಂದ್ರೆ ಬೇಜಾರು ಮಾಡ್ಕಂತಾನೆ. ಅದಕ್ಕೇ ದಿನಾ ಹಚ್ತೀನಿ."

ಅತ್ತೆ ಹೋದ ಮೇಲೆ ನಾನು ಮೀಟರ್ ವಾಪಸು ಕೊಡಲು ಅಂಗಡಿಗೆ ಹೋಗಿ, ಇನ್ನಾದರೂ ನಿಜ ಹೇಳಲೇ ಎಂದು ಕೇಳಿದೆ. ಅವರು ಬೇಡ ಎಂದರು. "ಈಗ ಹೇಳಿದ್ರೆ ಅವರಿಲ್ಲದಾಗ ಅವರ ಮ್ಯಾಲೆ ಹಾಕಿದಂಗಾಗುತ್ತೆ. ಮೀಟರ್ ಇಟ್ಕಳ್ರಿ, ಕೈ ಮರೀಬ್ಯಾಡ್ರಿ." ಅತ್ತೆ ಹೇಳಿದ ಮಾತನ್ನು ಅವರಿಗೆ ಹೇಳಬೇಕೆಂದು ಬಾಯಿ ತನಕ ಬಂತು. ಅಂಗಡಿಯಲ್ಲಿ ಜನ ಇದ್ದರು, ಬಂದ ಮಾತು ಹಾಗೇ ಒಳಗೆ ಹೋಯಿತು. ಆಮೇಲೆ ನಾವು ದಾವಣಗೆರೆಗೆ ಬಂದೆವು.

ಶಿವಗಣಾರಾಧನೆಯ ದಿನ ಪ್ರಸಾದವಾದ ಮೇಲೆ ಎಲ್ಲರೂ ಅಣ್ಣಾರ ಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದೆವು. ಗೋಡೆಯ ಮೇಲೆ ಅವರ ಫೋಟೋ, ಮೀಸೆ ತಿರುವಿದ್ದು ಹಾಗೇ. ಒಬ್ಬೊಬ್ಬರು ಒಂದೊಂದು ಮಾತು ನೆನೆಸಿಕೊಂಡು ನಗುತ್ತಿದ್ದರು. ಉಪ್ಪಿನ ಚಹಾ ಬಂತು, ಒಂದು ದಿನ ಮೊದಲೇ ಹೋದ ಮದುವೆ ಬಂತು. ಬಾತಿಯಿಂದ ನನ್ನ ಮೈದುನನೂ ಬಂದಿದ್ದರು, ಈಗ ಕೋಲು ಹಿಡಿದು ನಡೆಯುತ್ತಾರೆ. ಎದುರು ಅಂಗಡಿಯವರು ಕಣ್ಣು ಒರೆಸಿಕೊಂಡು ಹೇಳಿದರು, "ಏನೇ ಅನ್ರಿ, ದೊಡ್ಡ ಕೆಲಸಗಾರ. ಜೀವಮಾನದಾಗೆ ಒಂದೇ ಒಂದು ವೈರು ಮರ್ತಿದ್ದ."

ಎಲ್ಲರೂ ನಕ್ಕರು. ಅಕ್ಕನೂ ತಲೆ ತಗ್ಗಿಸಿ ನಕ್ಕರು. ಆಗ ಯಾರೋ, "ಮರ್ತಿರಲಿಲ್ಲ" ಎಂದರು. ಎಲ್ಲರ ಮುಖ ನನ್ನ ಕಡೆ ತಿರುಗಿದಾಗ ಅದು ನನ್ನ ದನಿಯೇ ಎಂದು ನನಗೆ ಗೊತ್ತಾಯಿತು. ಈ ಸಲ ಬಂದ ಮಾತನ್ನು ಒಳಗೆ ಹೋಗಲು ಬಿಡದೆ ಹೇಳಿದೆ. ಕೀಲಿಯ ವಿಭೂತಿ, ಹಸಿರು ದೀಪ, ಗೋಡೆಯ ಡಬ್ಬಿ, ಅತ್ತೆಗೆ ಎಲ್ಲವೂ ಗೊತ್ತಿದ್ದದ್ದು, ಗೊತ್ತಿದ್ದೂ ಅವರಿಗಾಗಿ ದಿನಾ ದೀಪ ಹಚ್ಚಿದ್ದು. ಅತ್ತೆಯ ಮೇಲೆ ತಪ್ಪು ಹಾಕಿದಂತಾಗಬಾರದು ಎಂದು ಕೊನೆಯದನ್ನು ಎರಡು ಸಲ ಹೇಳಿದೆ.

ಮೈದುನ ಕೋಲಿನ ಮೇಲೆ ಗದ್ದ ಇಟ್ಟು, "ನಮ್ಮವ್ವನಾ?" ಎಂದರು. ಸಿಟ್ಟು ಇರಲಿಲ್ಲ. "ಅಷ್ಟು ಜನದ ಮುಂದೆ ಬೈದೆ ನಾನು ಅವರನ್ನ" ಎಂದು ಫೋಟೋ ಕಡೆ ಕೈ ಮುಗಿದರು. ಎದುರು ಅಂಗಡಿಯವರು ತಲೆ ಮೇಲೆತ್ತಲಿಲ್ಲ.

ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದರು. ತಮಗೂ ಹೇಳದೆ ಇಟ್ಟುಕೊಂಡಿದ್ದಕ್ಕೆ ನೊಂದರೇನೋ ಎಂದು ನನಗೆ ಹೆದರಿಕೆಯಾಯಿತು. ಅವರು ನಿಧಾನವಾಗಿ ಫೋಟೋ ಕಡೆ ತಿರುಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡರು, ಹಿಂದೆ ಒಲೆಯ ಮುಂದೆ ನಿಲ್ಲುತ್ತಿದ್ದ ಹಾಗೆ.

"ನೋಡ್ರಪ್ಪಾ ಇವರನ್ನ!" ಎಂದರು. "ಹುಟ್ಟಿ ಸಾಯೋವರೆಗೂ ಒಪ್ಪಿಕೊಂಡಿದ್ದು ಒಂದೇ ಒಂದು ತಪ್ಪು, ಅದೂ ಮಾಡಿದ್ದಲ್ಲ! ಸುಮ್ಮಸುಮ್ನೆ ಬೀದಿಗೆಲ್ಲ ಮಿರ್ಚಿ ಹಂಚಿಸಿಬಿಟ್ರು ನನ್ನ ಕೈಲಿ."